ಅವಳಿಗಳನ್ನು ಬಿಟ್ಟುಬಂದ ದಾರಿ

ಅವಳಿಗಳನ್ನು ದೊಡ್ಡ ಮಗಳ ಮನೆಯಲ್ಲಿ ಬಿಡುವುದೆಂದು ತೀರ್ಮಾನವಾದ ದಿನದಿಂದ ಅಜ್ಜಿ ಕೂಸುಗಳ ಮಡಿಸಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮತ್ತೆ ಮಡಿಸುತ್ತಿದ್ದಳು. ಆದರೆ ಬೇರೆ ದಾರಿಯೂ ಕಾಣುತ್ತಿರಲಿಲ್ಲ. ಕಿರಿಯ ಮಗಳು ಅವಳಿ ಗಂಡುಮಕ್ಕಳನ್ನು ಹೆತ್ತು, ಒಂದರ ಮುಖವನ್ನೂ ಸರಿಯಾಗಿ ನೋಡದೆ ಆಸ್ಪತ್ರೆಯಲ್ಲೇ ಕಣ್ಮುಚ್ಚಿದ್ದಳು. ಅಳಿಯ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವವನು. ಬೆಳಗ್ಗೆ ಅಂಗಡಿಗೆ ಹೋದರೆ ಹೊತ್ತು ಮುಳುಗಿದ ಮೇಲೇ ಮನೆ. ಆಯುಸ್ಸೆಲ್ಲ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ತಿಕ್ಕಿದ ಅಜ್ಜಿಗೆ ಒಂದು ಕೂಸನ್ನೆತ್ತಿಕೊಂಡು ಏಳುವಷ್ಟರಲ್ಲಿ ಮೊಣಕಾಲು ಕೈಕೊಡುತ್ತಿತ್ತು. ದೊಡ್ಡ ಮಗಳಿಗೆ ಮಕ್ಕಳಿರಲಿಲ್ಲ. "ಎರಡನ್ನೂ ನನ್ನ ಮಡಿಲಿಗೆ ಹಾಕಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದು ಫೋನಿನಲ್ಲಿ ಅತ್ತಿದ್ದಳು.

ಉಳಿದವಳು ಗುಬ್ಬಿ. ಅವಳಿಗಳ ಅಕ್ಕ. ಮೂರು ತುಂಬಿತ್ತಷ್ಟೆ. ಅಮ್ಮ ಎಲ್ಲಿ ಎಂದು ಮೊದಲ ಸಲ ಕೇಳಿದಾಗ ಅಜ್ಜಿಯ ಬಾಯಿಂದ "ಆಸ್ಪತ್ರೇಲಿದ್ದಾಳೆ" ಎಂದು ಬಂದುಬಿಟ್ಟಿತ್ತು. ಆಮೇಲೆ ಮನೆಮಂದಿಯೆಲ್ಲ ಅದನ್ನೇ ಹೇಳುತ್ತ ಬಂದರು.

ಹೊರಡುವ ದಿನ ಅಳಿಯ ಅಂಗಡಿ ಯಜಮಾನರ ಹಳೇ ಕಾರು ತಂದ. ಅವಳಿಗಳ ಬುಟ್ಟಿಗಳು ಜಾರದಂತೆ ತಾನೇ ಹೊಲಿದ ದಪ್ಪ ಪಟ್ಟಿಗಳಿಂದ ಹಿಂದಿನ ಸೀಟಿಗೆ ಬಿಗಿದ. ನಡುವೆ ಅಜ್ಜಿ ಮೈ ಹಿಡಿಮಾಡಿಕೊಂಡು ಕೂತಳು. ಗುಬ್ಬಿ ಮುಂದಿನ ಸೀಟಿನಲ್ಲಿ, ಅಪ್ಪ ಮಾಡಿಕೊಟ್ಟ ಎತ್ತರದ ದಿಂಬಿನ ಮೇಲೆ. ಹಟ ಹಿಡಿದು ಹಳದಿ ಫ್ರಾಕೇ ಹಾಕಿಸಿಕೊಂಡಿದ್ದಳು.

ಊರು ದಾಟುವುದರೊಳಗೆ ಶುರುವಾಯಿತು. ಒಬ್ಬ ಮಲಗಿದರೆ ಇನ್ನೊಬ್ಬ ಎದ್ದ, ಕಾವಲಿಗೆ ಪಾಳಿ ಹಾಕಿಕೊಂಡವರ ಹಾಗೆ. ಒಬ್ಬನಿಗೆ ಬಾಟಲಿ ಹಿಡಿದರೆ ಇನ್ನೊಬ್ಬ ಬಟ್ಟೆ ಕೆಡಿಸಿದ. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ನಾತ. "ನಿಮ್ಮಪ್ಪನ ಯಜಮಾನರು ಈ ಕಾರನ್ನ ಇನ್ನು ನಮಗೇ ದಾನ ಮಾಡ್ಬೇಕಷ್ಟೆ" ಎಂದಳು ಅಜ್ಜಿ. ಗುಬ್ಬಿ ಕಿಲಕಿಲ ನಕ್ಕಳು. ಅಳಿಯನ ತುಟಿಯೂ ಅಲುಗಿತು. ಹೆಂಡತಿ ಹೋದಾಗಿನಿಂದ ಅವನು ನಕ್ಕದ್ದಿಲ್ಲ, ಅತ್ತದ್ದೂ ಇಲ್ಲ.

ಬೆಟ್ಟದ ತಿರುವುಗಳು ಬಂದಾಗ ಗುಬ್ಬಿಯ ಮುಖ ಬಿಳುಚಿತು. ಅಳಿಯ ಬ್ರೇಕು ಒತ್ತುವಷ್ಟರಲ್ಲಿ ಫ್ರಾಕಿನ ತುಂಬ ವಾಂತಿ. ರಸ್ತೆಬದಿ ಪಂಕ್ಚರ್ ಅಂಗಡಿಯ ನಲ್ಲಿಯ ಹತ್ತಿರ ಇಳಿಸಿ ತೊಳೆಯತೊಡಗಿದರೆ ಮಗು ಬಿಕ್ಕಿ ಬಿಕ್ಕಿ ಅತ್ತಿತು.

"ಹೋಗ್ಲಿ ಬಿಡು ಬಂಗಾರ, ಒಗೆದ್ರೆ ಹೋಗುತ್ತೆ."

"ಅಮ್ಮಂಗೆ ತೋರಿಸ್ಬೇಕಿತ್ತು ಅಜ್ಜಿ! ಅಮ್ಮಂಗೆ ಅಂತ ಹಾಕ್ಕೊಂಡಿದ್ದೆ!"

ಅಜ್ಜಿಗೆ ಈಗ ಅರ್ಥವಾಯಿತು. ಪಾಪುಗಳನ್ನೂ ಕರೆದುಕೊಂಡು ಎಲ್ಲರೂ ಅಮ್ಮನ ಹತ್ತಿರ ಹೊರಟಿದ್ದೇವೆ ಎಂದುಕೊಂಡೇ ಈ ಮಗು ಬೆಳಗ್ಗಿನಿಂದ ಕುಣಿದಿತ್ತು. "ಅಮ್ಮನ ಹತ್ರ ನಾಳೆ..." ಎಂದು ಬಾಯಿ ತೆರೆದಳು.

"ಬೇಡ ಅತ್ತೆ, ಸಾಕು" ಎಂದ ಅಳಿಯ. ಒದ್ದೆ ನೆಲದಲ್ಲೇ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಾವು ಅಮ್ಮನ ಹತ್ರ ಹೋಗ್ತಿಲ್ಲ ಕಂದ. ಅಮ್ಮ ಸತ್ತೋದ್ಲು."

"ಯಾವಾಗ ಬರ್ತಾಳೆ?"

"ಬರಲ್ಲ."

"ನಾನು ಕರೆದ್ರೆ?"

ಅಜ್ಜಿಯೇ ಮಗುವಿನ ಒದ್ದೆ ಕೈ ಹಿಡಿದಳು. "ಬರೋಕಾಗಿದ್ರೆ ನೀನು ಕರೆಯೋಕೆ ಮುಂಚೇನೇ ಓಡಿ ಬರ್ತಿದ್ಲು ಪುಟ್ಟಿ. ಅವಳಿಗೆ ಆಗಲ್ಲ. ಅಜ್ಜಿ ನಿಂಗೆ ಸುಳ್ಳು ಹೇಳ್ಬಿಟ್ಟೆ."

ಗುಬ್ಬಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಿಸ್ಕತ್ತು ಬೇಕು ಎಂದಳು.

ಹೊತ್ತು ಇಳಿಯುವಾಗ ದೊಡ್ಡ ಮಗಳ ಮನೆ ಬಂತು. ಗುಬ್ಬಿಯೇ ಮೊದಲು ಇಳಿದು ಓಡಿದಳು. ಬಾಗಿಲಲ್ಲಿ ಕೈಚಾಚಿ ನಿಂತವಳಿಗೆ, ಊರಿನ ಹೊಸ ಸುದ್ದಿ ಹೇಳುವವಳಂತೆ, "ದೊಡ್ಡಮ್ಮ, ನಮ್ಮಮ್ಮ ಸತ್ತೋದ್ಲಂತೆ, ನಿಂಗೆ ಗೊತ್ತಾ?" ಎಂದಳು. ದೊಡ್ಡಮ್ಮ ಮೆಟ್ಟಿಲ ಮೇಲೇ ಕುಸಿದು ಅವಳನ್ನು ಎದೆಗವುಚಿಕೊಂಡಳು. ಅಳಿಯ ಕಾರಿಂದ ಇಳಿಯಲೇ ಇಲ್ಲ. ಸ್ಟೀರಿಂಗಿಗೆ ಹಣೆ ಹಚ್ಚಿದ. ಅಷ್ಟು ದಿನ ಅದುಮಿಟ್ಟದ್ದು ಒಮ್ಮೆಲೇ ಉಕ್ಕಿಬಂತು. ಅಜ್ಜಿ ಹಿಂದಿನಿಂದ ಅವನ ಭುಜದ ಮೇಲೆ ಕೈಯಿಟ್ಟು ಕೂತಳು. ಅವನ ಅಳುವಿಗೆ ಎಚ್ಚೆತ್ತ ಅವಳಿಗಳೂ ದನಿಗೂಡಿಸಿದವು.

ಮರುದಿನ ಬೆಳಗ್ಗೆ ಅಜ್ಜಿ ದೊಡ್ಡ ಮಗಳಿಗೆ ಕೂಸುಗಳನ್ನು ಮೀಯಿಸುವುದು ಕಲಿಸಿದಳು. ಕತ್ತು ಹೀಗೆ ಹಿಡಿ, ಕಿವಿಗೆ ನೀರು ಹೋಗದ ಹಾಗೆ ನೋಡು, ಹೆದರಬೇಡ, ಗಾಜಿನವೇನಲ್ಲ. ದೊಡ್ಡ ಮಗಳು ತಂಬಿಗೆ ಕೆಳಗಿಟ್ಟಳು.

"ಅಮ್ಮ, ನೀನಿಲ್ಲೇ ಇದ್ಬಿಡು. ನನಗೊಬ್ಬಳಿಗೇ ಭಯ ಆಗುತ್ತೆ."

ಅಜ್ಜಿ ಕಿಟಕಿಯತ್ತ ನೋಡಿದಳು. ಹೊರಗೆ ಗುಬ್ಬಿ ಬರಿಗಾಲಲ್ಲಿ ಕಾರಿನ ಸುತ್ತ ಸುತ್ತುತ್ತಿದ್ದಳು. "ಇವಕ್ಕೆ ನೀನಿದ್ದೀಯ. ಇವಕ್ಕೆ ನೀನೇ ಅಮ್ಮ ಆಗ್ತೀಯ. ಆ ಮಗೂಗೆ ಅಮ್ಮ ಯಾರು ಅಂತ ಗೊತ್ತಾಗಿ ಹೋಗಿದೆಯಲ್ಲೇ. ನಾನೂ ಬಿಟ್ರೆ ಹೇಗೆ?" ಎಂದಳು. ಮಗಳು ಮುಖ ತಿರುಗಿಸಿಕೊಂಡಳು. ಅವಳ ಮನಸ್ಸಿಗೆ ನೋವಾಯಿತೆಂದು ಅಜ್ಜಿಗೆ ತಿಳಿಯಿತು. ಅದಕ್ಕೆ ಮದ್ದು ಅಜ್ಜಿಯ ಹತ್ತಿರ ಇರಲಿಲ್ಲ.

ಹೊರಡುವಾಗ ಅಳಿಯ ಇಬ್ಬರು ಮಕ್ಕಳನ್ನೂ ಒಟ್ಟಿಗೆ ಎತ್ತಿಕೊಂಡು ನೆತ್ತಿ ಮೂಸಿದ, ಬೇಗ ಬೇಗ ದೊಡ್ಡಮ್ಮನ ಕೈಗೆ ಕೊಟ್ಟುಬಿಟ್ಟ. ಗುಬ್ಬಿಗೆ ಆಗ ಹೊಳೆಯಿತು.

"ಪಾಪುಗಳು ಬರಲ್ವಾ? ಅವರೂ ಸತ್ತೋಗ್ತಾರಾ?"

"ಅಯ್ಯೋ ಇಲ್ಲ ಕಂದ! ಇಲ್ಲೇ ದೊಡ್ಡಮ್ಮನ ಹತ್ರ ಬೆಳೀತಾರೆ. ನಾವು ಬಂದು ನೋಡ್ತಾ ಇರ್ತೀವಿ" ಎಂದ ಅಳಿಯ.

ಗುಬ್ಬಿ ನಂಬಲಿಲ್ಲ. ಅವಳನ್ನು ಎತ್ತಿ ಕಾರಿಗೆ ಹಾಕಬೇಕಾಯಿತು. ಹಿಂದಿನ ದಿನ ಅಮ್ಮನ ಸುದ್ದಿ ಕೇಳಿದಾಗ ಬಾರದಿದ್ದ ಅಳು ಈಗ ಬಂತು. ಕೈಕಾಲು ಬಡಿದು, "ಅಮ್ಮಾ" ಎಂದು ಕಿರುಚಿ, ದನಿ ಒಡೆಯುವವರೆಗೂ ಅತ್ತಳು. ಅಜ್ಜಿ ಅವಳನ್ನು ಹಿಂದಿನ ಸೀಟಿಗೆ ಎಳೆದುಕೊಂಡು ತಬ್ಬಿದಳು, ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ. ಕೊನೆಗೆ ಸುಸ್ತಾಗಿ ಮಗು ಅವಳ ಮಡಿಲಲ್ಲಿ ನಿದ್ದೆಹೋಯಿತು.

ಕಾರು ಇರುವೆಯ ಹಾಗೆ ಹೋಗುತ್ತಿತ್ತು. ಹಿಂದಿನ ಗಾಡಿಗಳು ಹಾರನ್ ಹೊಡೆದು ಹೊಡೆದು ದಾಟುತ್ತಿದ್ದವು.

"ಸ್ವಲ್ಪ ಜೋರಾಗಿ ಹೋಗಪ್ಪ. ಈಗ ಕುಲುಕಿದ್ರೆ ಏಳೋಕೆ ಪಾಪುಗಳಿಲ್ಲ" ಎಂದ ಅಜ್ಜಿ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು.

ಅಳಿಯ ಕನ್ನಡಿಯಲ್ಲಿ ಖಾಲಿ ಬುಟ್ಟಿಗಳ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಿ, ಮುಂದಿನ ಹಳ್ಳ ಬಂದಾಗ ಕಾರನ್ನು ಇನ್ನೂ ಮೆಲ್ಲಗೆ ಇಳಿಸಿದ.