ಅರವತ್ತನಾಲ್ಕನೆಯ ಪುಟ ಆದಮೇಲೆ

ನಾನು ಒಂದು ಪುಸ್ತಕ. ಹೊಗಳಿಸಿಕೊಂಡದ್ದು ಬೇಕಾದಷ್ಟು, ಓದಿಸಿಕೊಂಡದ್ದು ಒಂದೇ ಒಂದು ಸಲ. ಕಾಗದಕ್ಕೂ ಮಾನ ಮರ್ಯಾದೆ ಇರುತ್ತದೆ ಸ್ವಾಮಿ, ಕೋಪ ಬಾರದೆ ಏನಾದೀತು?

ನಾನು ಹುಟ್ಟಿದ್ದು ದಾವಣಗೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಹೆಸರು ‘ಕಂಬ ಹತ್ತಿದವರು’. ಬರೆದವರು ಕೊಟ್ರಬಸಪ್ಪನವರು, ಮೂವತ್ತನಾಲ್ಕು ವರ್ಷ ಕರೆಂಟಿನ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಹಸ್ತಪ್ರತಿ ಹಿಡಿದು ನಾಲ್ಕು ಪ್ರಕಾಶಕರ ಬಾಗಿಲು ತಟ್ಟಿದರು. ಒಬ್ಬರೂ ದಾರ ಬಿಚ್ಚಿ ನೋಡಲಿಲ್ಲ. ಕೊನೆಗೆ ತಾವೇ ಪ್ರಕಾಶಕರಾದರು. ಹೆಂಡತಿಯ ಹೆಸರಿನಲ್ಲಿ ‘ನೀಲಮ್ಮ ಪ್ರಕಾಶನ’ ಎಂದು ಒಳಪುಟದಲ್ಲಿ ಅಚ್ಚಾಯಿತು, ಬೆನ್ನಿನ ರಟ್ಟಿನ ಮೇಲೆ ಅವರ ಮೊಬೈಲ್ ನಂಬರು. ಆ ಪ್ರಕಾಶನದ ಗೋದಾಮು ಅವರ ಮಂಚದ ಕೆಳಗೆ.

ಹದಿನಾರು ಪುಟಗಳ ಒಂದು ಮಡಿಕೆಗೆ ಪ್ರೆಸ್ಸಿನವರು ಫಾರಂ ಎನ್ನುತ್ತಾರೆ. ಅಂಥ ಹತ್ತು ಫಾರಂಗಳನ್ನು ಜೋಡಿಸಿ ಹೊಲಿದರೆ ನಾನು. ಜೋಡಿಸುವಾಕೆ ಪಕ್ಕದವಳ ಜೊತೆ ಮಾತಾಡುತ್ತ ನಾಲ್ಕನೆಯ ಫಾರಂ ಎರಡು ಸಲ ಇಟ್ಟಳು, ಐದನೆಯದನ್ನು ಬಿಟ್ಟೇಬಿಟ್ಟಳು. ಹಾಗಾಗಿ ನನ್ನಲ್ಲಿ ಅರವತ್ತನಾಲ್ಕನೆಯ ಪುಟ ಮುಗಿದರೆ ಮತ್ತೆ ನಲವತ್ತೊಂಬತ್ತು ಬರುತ್ತದೆ, ಅದೆಲ್ಲ ಮುಗಿದರೆ ನೇರ ಎಂಬತ್ತೊಂದು. ಉಳಿದ ಪ್ರತಿಗಳೆಲ್ಲ ಸರಿಯಾಗಿದ್ದವು. ಹುಟ್ಟು ಊನ ನನ್ನೊಬ್ಬನಿಗೇ.

ಬಿಡುಗಡೆಯ ಹಿಂದಿನ ದಿನ ಕೊಟ್ರಬಸಪ್ಪನವರು ವೇದಿಕೆಯ ಗಣ್ಯರಿಗೆಂದು ಮೂಲೆ ಮುಕ್ಕಾಗದ ಐದು ಪ್ರತಿಗಳನ್ನು ಆರಿಸಿದರು. ರಟ್ಟು ಒರೆಸಿ ಒರೆಸಿ ನೋಡಿದರು, ಒಳಗೆ ತೆರೆಯಲಿಲ್ಲ. ನೀಲಮ್ಮನವರು ಮಿರಿಮಿರಿ ಕಾಗದ ಸುತ್ತಿ ಕೆಂಪು ರಿಬ್ಬನ್ ಕಟ್ಟಿದರು. ಕಟ್ಟುವಾಗ ಕೊಟ್ರಬಸಪ್ಪನವರು ಹೇಳಿದ ಮಾತು ನನಗಿನ್ನೂ ನೆನಪಿದೆ. “ಐದನೇ ಅಧ್ಯಾಯ ಒಬ್ಬರಾದ್ರೂ ಓದಿ ಒಂದು ಮಾತು ಅಂದ್ರೆ ಸಾಕು ನೀಲಾ. ಬೈದ್ರೂ ಸರಿ.” ಆಕೆ ಗಂಟು ಬಿಗಿದರು. ಆ ಅಧ್ಯಾಯಕ್ಕಾಗಿಯೇ ಅವರು ಇಡೀ ಪುಸ್ತಕ ಬರೆದದ್ದು. ಅದೇ ನನ್ನಲ್ಲಿ ಇಲ್ಲ.

ಬಿಡುಗಡೆಯ ವೈಭವ ಕೇಳಬೇಡಿ. ಐದು ಜನ ಸಾಲಾಗಿ ನಿಂತು ರಿಬ್ಬನ್ ಬಿಚ್ಚಿದರು, ನಮ್ಮನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು, ಫೋಟೋದವನು ಹೂಂ ಅನ್ನುವವರೆಗೆ ನಕ್ಕರು. ನಾನು ಬಂದದ್ದು ಅಧ್ಯಕ್ಷರಾದ ನಿವೃತ್ತ ಪ್ರಿನ್ಸಿಪಾಲ್ ಮಹಾರುದ್ರಯ್ಯನವರ ಕೈಗೆ. “ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗದ ಕೃತಿ” ಎಂದು ಮೈಕಿನಲ್ಲಿ ಹೇಳಿ ನನ್ನನ್ನು ಕೆಳಗಿಟ್ಟರು. ಆಮೇಲೆ ಇಪ್ಪತ್ತು ನಿಮಿಷ ತಮ್ಮ ಕಾಲೇಜಿನ ದಿನಗಳ ಬಗ್ಗೆ ಮಾತಾಡಿದರು. ಸಭೆ ಮುಗಿದ ಮೇಲೆ ಕೊಟ್ರಬಸಪ್ಪನವರು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತರೆ, ಒಬ್ಬೊಬ್ಬರೂ ಭುಜ ತಟ್ಟಿ, ಗೌರವ ಪ್ರತಿ ಮನೆಗೆ ಕಳಿಸಿ ಎಂದು ಹೇಳಿ ಉಪ್ಪಿಟ್ಟಿನ ಕಡೆ ನಡೆದರು. ಗೌರವವಂತೆ, ಗೌರವ!

ಪ್ರಿನ್ಸಿಪಾಲರ ಕಪಾಟಿನಲ್ಲಿ ನನ್ನಂಥವರು ನೂರಾರು. ಎಲ್ಲರ ಮೊದಲ ಪುಟದಲ್ಲೂ ‘ಪೂಜ್ಯರಿಗೆ ಪ್ರೀತಿಯಿಂದ’. ಯಾರ ಬೆನ್ನೂ ಬಳುಕಿಲ್ಲ, ಯಾರ ಪುಟದಲ್ಲೂ ಬೆರಳಿನ ಗುರುತಿಲ್ಲ. ತಿಂಗಳಾದ ಮೇಲೆ ಕೊಟ್ರಬಸಪ್ಪನವರು ಫೋನ್ ಮಾಡಿದರು. ಪ್ರಿನ್ಸಿಪಾಲರು ಸ್ಪೀಕರ್ ಹಾಕಿಕೊಂಡು ಉಗುರು ಕತ್ತರಿಸುತ್ತ ಕೂತಿದ್ದರು. ಪುಸ್ತಕ ನೋಡಿದಿರಾ ಸಾರ್ ಎಂದು ಅವರು ಕೇಳಿದರು. ಒಂದೇ ಉಸಿರಿಗೆ ಓದಿ ಮುಗಿಸಿದೆ ಎಂದು ಇವರು ಹೇಳಿದರು.

“ಐದನೇ ಅಧ್ಯಾಯ ಸಾರ್?”

“ಐದನೆಯದಾ? ಅಯ್ಯೋ, ನಕ್ಕು ನಕ್ಕು ಸಾಕಾಯ್ತಪ್ಪ. ಒಳ್ಳೆ ಹಾಸ್ಯಪ್ರಜ್ಞೆ ನಿಮ್ಮದು.”

ಆ ಕಡೆಯಿಂದ ಆಗಲಿ ಸಾರ್ ಎಂದು ಒಂದು ಸಣ್ಣ ದನಿ ಬಂತು, ಫೋನ್ ಕಟ್ಟಾಯಿತು. ನನ್ನಲ್ಲಿ ಇಲ್ಲದ ಪುಟಗಳನ್ನು ಓದಿ ನಕ್ಕ ಮಹಾನುಭಾವರು ಉಗುರು ಗುಡಿಸಿ ಎದ್ದುಹೋದರು. ನನಗೆ ಕೈಯಿದ್ದಿದ್ದರೆ ಆ ಹೊತ್ತು ಏನಾಗುತ್ತಿತ್ತೋ.

ಮುಂದಿನ ವಾರ ಅವರ ಹಳೆಯ ಕಾಲೇಜಿನ ಗುಮಾಸ್ತ ಹನುಮಂತಪ್ಪನ ಬೀಳ್ಕೊಡುಗೆ. ಹಾರ ಯಾಕೆ, ಪುಸ್ತಕ ಕೊಡೋಣ ಎಂಬ ಆದರ್ಶ ಈಗ ಎಲ್ಲೆಲ್ಲೂ ಇದೆಯಲ್ಲ. ಸಹಿ ಇದ್ದ ಹಾಳೆಯನ್ನು ಸ್ಕೇಲು ಇಟ್ಟು ನಾಜೂಕಾಗಿ ಹರಿದರು. ಅದೇ ಕಾಗದ, ಅದೇ ರಿಬ್ಬನ್. ಮತ್ತೆ ವೇದಿಕೆ, ಮತ್ತೆ ಫೋಟೋ. ಹನುಮಂತಪ್ಪ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿಗೆ ಗಾಡಿ ತೆಗೆಯಲು ಬಂದ. ಸ್ಟ್ಯಾಂಡ್ ನೋಡಿಕೊಳ್ಳುವ ಹಾಲಮ್ಮನ ಮೇಜು ಅಲುಗಾಡುತ್ತಿತ್ತು. ಇದನ್ನು ಕಾಲಿನಡಿ ಇಡಮ್ಮ, ಸರಿಹೋಗುತ್ತೆ ಎಂದು ಕೊಟ್ಟು ಹೋದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಓದಿದೆ ಎಂದು ಸುಳ್ಳಾದರೂ ಹೇಳಲಿಲ್ಲವಲ್ಲ.

ಮೂರು ತಿಂಗಳು ಮೇಜಿನ ಕಾಲು ಹೊತ್ತೆ. ರಟ್ಟಿಗೆ ಕುಳಿ ಬಿತ್ತು, ಗ್ರೀಸು ಮೆತ್ತಿತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು, ಹಾಲಮ್ಮನ ಮೊಬೈಲಿನ ಚಾರ್ಜೂ ಮುಗಿದಿತ್ತು. ಬೇಸರಕ್ಕೆ ಬಗ್ಗಿ ನನ್ನನ್ನು ಎಳೆದಳು. ರಟ್ಟಿನ ಮೇಲೆ ಕಂಬದ ತುದಿಯಲ್ಲಿ ಕೂತ ಮನುಷ್ಯನ ಚಿತ್ರ ಕಂಡು, ಇವನನ್ನೇ ಹುಡುಕುತ್ತಿದ್ದೆ ಎಂದು ನಕ್ಕಳು. ಏಳನೆಯ ಇಯತ್ತೆ ಓದಿದ ಹೆಂಗಸು. ಬೆರಳಿಟ್ಟು, ತುಟಿ ಅಲುಗಿಸುತ್ತ, ಗಿರಾಕಿಗಳ ನಡುವೆ ದಿನಕ್ಕೆ ಹತ್ತು ಪುಟ. ಮಳೆಯಲ್ಲಿ ತಂತಿ ಹರಿದದ್ದನ್ನು ಓದಿ ಚ್ಚು ಚ್ಚು ಎಂದಳು. ಲೈನ್‌ಮ್ಯಾನ್ ದಾದಾಪೀರ್ ಕಂಬದ ಮೇಲಿಂದಲೇ ಹಾಡುತ್ತಿದ್ದನೆಂದು ಓದಿ ತಾನೂ ಗುನುಗಿದಳು. ಪುಟಗಳಿಗೆ ಕೊನೆಗೂ ಬೆವರಿನ ಬೆರಳು ತಗುಲಿತು. ಆ ಸುಖ ನಾನು ಹೇಳಿ ಮುಗಿಸಲಾರೆ.

ಅರವತ್ತನಾಲ್ಕನೆಯ ಪುಟದ ಕೊನೆಯ ಸಾಲಿನಲ್ಲಿ ದಾದಾಪೀರ್ ಕಂಬ ಹತ್ತುತ್ತಾನೆ. ಹಾಲಮ್ಮ ಪುಟ ತಿರುಗಿಸಿದಳು. ನಲವತ್ತೊಂಬತ್ತು. ತನ್ನದೇ ತಪ್ಪಿರಬೇಕೆಂದುಕೊಂಡು ಹದಿನಾರು ಪುಟಗಳನ್ನೂ ಮತ್ತೊಮ್ಮೆ ಓದಿದಳು. ದಾದಾಪೀರ್ ಮತ್ತೊಮ್ಮೆ ಕಂಬ ಹತ್ತಿದ. ಮುಂದೆ ಎಂಬತ್ತೊಂದು, ಬೇರೆ ಊರು, ಬೇರೆ ಕತೆ. ನನ್ನನ್ನು ಬೋರಲು ಹಾಕಿ, ಬೆನ್ನಿನ ನಂಬರು ನೋಡಿ ಫೋನ್ ಒತ್ತಿದಳು.

“ಏನ್ರೀ, ಪುಸ್ತಕ ಬರ್ದೋರಾ? ನಿಮ್ ದಾದಾಪೀರ್ ಕಂಬ ಹತ್ತಿ ಕುಂತಾನಲ್ರೀ. ಇಳಿದ್ನೋ ಇಲ್ವೋ?”

ಅರ್ಧ ಗಂಟೆಯಲ್ಲಿ ಕೊಟ್ರಬಸಪ್ಪನವರ ಮೊಪೆಡ್ ಸ್ಟ್ಯಾಂಡಿನ ಮುಂದೆ ನಿಂತಿತು. ಕೈಯಲ್ಲಿ ಸರಿಯಾದ ಪ್ರತಿ ಇತ್ತು. ನನ್ನನ್ನು ತಿರುವಿ ನೋಡಿದರು, ಕಣ್ಣು ಮುಚ್ಚಿದರು. ತಂದ ಪ್ರತಿಯನ್ನು ಕೊಡಲಿಲ್ಲ. ಸ್ಟೂಲಿನ ಮೇಲೆ ಕೂತು ಬಾಯಿಬಿಟ್ಟೇ ಹೇಳಿದರು.

“ಇಳೀಲಿಲ್ಲ ತಾಯಿ. ಕೆಳಗೆ ಸ್ವಿಚ್ಚಿನ ಹತ್ರ ಕಾಯಬೇಕಾದೋನು ನಾನು. ಟೀ ಕುಡಿಯಾಕ ಹೋಗಿದ್ದೆ. ಯಾರೋ ಸ್ವಿಚ್ ಹಾಕಿದ್ರು, ಮೇಲಿಂದ ಬಿದ್ದು ಸತ್ತ. ನಾನು ಅಲ್ಲೇ ಇದ್ದೆ ಅಂತ ಸಾಹೇಬ್ರ ಮುಂದೆ ಸುಳ್ಳು ಬರೆದುಕೊಟ್ಟೆ.”

ಒಬ್ಬ ಗಿರಾಕಿ ಬಂದ, ಕಾಯಲು ಹಾಲಮ್ಮ ಕೈಸನ್ನೆ ಮಾಡಿದಳು.

“ಅವನ ಹೇಣ್ತಿಗೆ ಹೇಳೀರೇನು?”

“ಪುಸ್ತಕದಾಗ ಎಲ್ಲಾ ಬರ್ದೀನಮ್ಮ.”

“ಬರ್ದು ಯಾರ್ಯಾರಿಗೋ ಹಂಚೀರಿ. ಆಕೀಗೆ ಕೊಟ್ರಾ?”

ಇಲ್ಲ ಎಂದು ತಲೆಯಾಡಿಸಿದರು. ಹಾಲಮ್ಮ ಆ ಹೊಸ ಪ್ರತಿಯನ್ನು ಮುಟ್ಟಲಿಲ್ಲ. ಇದು ನನಗೆ ಬೇಡ, ಮೊದಲು ಅಲ್ಲಿಗೆ ಹೋಗಿ, ಆಕೆಗೆ ಓದಲು ಬಾರದಿದ್ದರೆ ಕೂತು ಓದಿ ಹೇಳಿ ಎಂದಳು. ದನಿಯಲ್ಲಿ ಸಿಟ್ಟಿತ್ತು. ಪುಸ್ತಕ ಬಂದಂದಿನಿಂದ ಅವರು ಕಾಯುತ್ತಿದ್ದದ್ದು ಆ ಸಿಟ್ಟಿಗೇ. ಎದ್ದು, ರಿಬ್ಬನ್ನಿಲ್ಲದ ಆ ಪ್ರತಿಯನ್ನು ಅಂಗಿಯೊಳಗೆ ಇಟ್ಟುಕೊಂಡು, ಹರಿಹರದ ರಸ್ತೆ ಹಿಡಿದರು. ದಾದಾಪೀರನ ಮನೆ ಇರುವುದು ಅಲ್ಲಿ.

ನಾನೀಗ ಹಾಲಮ್ಮನ ಮೇಜಿನ ಮೇಲೆ, ಟೋಕನ್ನಿನ ಡಬ್ಬಿಯ ಪಕ್ಕದಲ್ಲಿದ್ದೇನೆ. ಕಾಲಿನಡಿಗೆ ಒಂದು ಹೆಂಚಿನ ಚೂರು ಬಂದಿದೆ. ನನಗೆ ವಯಸ್ಸಾಯಿತು, ಹೊಲಿಗೆ ಸಡಿಲವಾಗಿದೆ, ಆದರೆ ಸಿಟ್ಟು ಮಾತ್ರ ಇಳಿದಿಲ್ಲ. ನನ್ನಲ್ಲಿ ಆ ಹದಿನಾರು ಪುಟಗಳಿಲ್ಲ, ಒಪ್ಪುತ್ತೇನೆ. ಅವು ಇರುವ ಪ್ರತಿಗಳು ಊರ ತುಂಬ ದೊಡ್ಡ ದೊಡ್ಡವರ ಕಪಾಟುಗಳಲ್ಲಿ ಯಾರೂ ತೆರೆಯದೆ ಕೂತಿವೆ. ದಾದಾಪೀರ್ ಅಲ್ಲಿ ಇನ್ನೂ ಬಿದ್ದೇ ಇಲ್ಲ.