ಅಳಿಸಿದ ಪುಟದ ವಯಸ್ಸು

ಶಿವಾರಪಟ್ಟಣದ ಶಿಲ್ಪಿ ಮುನಿಶಾಮಾಚಾರಿಗೆ ಭಿನ್ನವಾದದ್ದನ್ನು ಕಂಡರೆ ಆಗದು. ಮೂರ್ತಿಯ ಬೆರಳ ತುದಿ ಮುಕ್ಕಾದರೂ ಸರಿ, ಅದನ್ನು ನೀರಿಗೆ ಬಿಟ್ಟೇ ತೀರುವರು. ಈ ಮಡಿಯನ್ನು ಮಹಾನುಭಾವರು ತಮ್ಮ ವೆಬ್‌ಸೈಟಿಗೂ ಹಚ್ಚಿದ್ದರು. ಒಂದು ಫೋಟೋ ಅರ್ಧ ಕಾಣದೆ ಹೋದರೆ ಸಾಕು, ಮಾಲೂರಿನ ಅಂಬ್ರೀನ್‌ಳ ಕಂಪ್ಯೂಟರ್ ಅಂಗಡಿಗೆ ಬಂದು, "ಅಮ್ಮಾಯಿ, ಪುಟ ಭಿನ್ನ ಆಗೈತೆ. ತೆಗೆದು ಹೊಸದು ಮಾಡು" ಅನ್ನುವರು. ಅವಳೂ ಕಿಸಕ್ಕನೆ ನಕ್ಕು ಅಳಿಸುತ್ತಿದ್ದಳು.

ಆ ನಗು ಈಗ ಅವಳಿಗೇ ಮುಳ್ಳಾಯಿತು. ತಾಯಲೂರಿನ ದೇವಸ್ಥಾನ ಸಮಿತಿಯವರು ಆಚಾರಿಯ ಸೈಟಿನ ಫೋಟೋ ನೋಡಿ, ಅಂಥದ್ದೇ ಎಂಟು ಕೈಯ ನರಸಿಂಹ ಬೇಕೆಂದಿದ್ದರು. ಆದರೆ ಅದೇ ಮೂರ್ತಿಯ ಫೋಟೋ ಮುಳಬಾಗಿಲಿನ ನಂದೀಶನ ಸೈಟಿನಲ್ಲೂ ಇತ್ತು. ನಂದೀಶ ಆಚಾರಿಯ ಹತ್ತಿರವೇ ಕೆಲಸ ಕಲಿತವನು. ಸಮಿತಿಯ ಶ್ರೀನಿವಾಸಪ್ಪ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ನೆಟ್‌ನಲ್ಲಿ ಹುಡುಕಿದ್ರೆ ನಿಮ್ಮ ಪುಟ ಹೋದ ವರ್ಷದ್ದು, ಅವನದು ಏಳು ವರ್ಷ ಹಿಂದಿನದು ಅಂತ ತೋರಿಸ್ತದೆ. ಕದ್ದೋರು ಯಾರು ಅಂತ ಸಂಜೆಯೊಳಗೆ ನೀವೇ ಹೇಳಿ ಆಚಾರ್ರೇ."

ನಲವತ್ತು ವರ್ಷ ಉಳಿ ಹಿಡಿದ ಮನುಷ್ಯ ಅವಳ ಅಂಗಡಿಯ ಕುರ್ಚಿಯಲ್ಲಿ ಕುಗ್ಗಿ ಕೂತರು. ಹಳೆಯ ಪುಟ ಅಳಿಸಿ ಹೋದ ವರ್ಷ ಹೊಸದು ಮಾಡಿಕೊಟ್ಟವಳು ಅಂಬ್ರೀನ್‌ಳೇ.

"ಪುಟದ ಕೆಳಗೆ ಹಳೇ ಇಸವಿ ಬರೆದುಬಿಟ್ರೆ?" ಅಂದರು ಆಚಾರಿ ಮೆಲ್ಲಗೆ.

"ನಾವು ಬರ್ಕೊಂಡಿದ್ದನ್ನೆಲ್ಲ ಆ ಸರ್ಚ್ ಎಂಜಿನ್ ನಂಬಲ್ಲ. ಪುಟಾನ ತಾನು ಮೊದಲು ಯಾವತ್ತು ನೋಡ್ದೆ, ಬೇರೆಯವರು ತಮ್ಮ ಸೈಟಲ್ಲಿ ಲಿಂಕ್ ಕೊಟ್ಟು ಆ ಪುಟಕ್ಕೆ ಯಾವತ್ತು ದಾರಿ ತೋರಿಸಿದ್ರು, ಅದನ್ನ ನೋಡಿ ವಯಸ್ಸು ಹೇಳ್ತದೆ."

ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ನಾವು ಪುಟ ಅಳಿಸಿದೆವು ನಿಜ, ದಾರಿ ತೋರಿಸಿದವರು ಅಳಿಸಿದ್ದಾರೆಯೇ? ಹುಡುಕತೊಡಗಿದಳು. ಟೇಕಲ್‌ನ ಮೇಷ್ಟ್ರೊಬ್ಬರ 2013ರ ಬ್ಲಾಗಿನಲ್ಲಿ ಆಚಾರಿಯ ಪುಟದ ಹಳೆಯ ವಿಳಾಸ ಸಿಕ್ಕಿತು. ಒತ್ತಿದರೆ ಪುಟ ಇಲ್ಲ. ಅದೇ ವಿಳಾಸವನ್ನು, ಹಳೆಯ ಪುಟಗಳ ನಕಲು ಕಾದಿಡುವ ಇನ್ನೊಂದು ಸೈಟಿನಲ್ಲಿ ಹಾಕಿದಳು. ನರಸಿಂಹ ಪ್ರತ್ಯಕ್ಷನಾದ, ನಂದೀಶನ ಪುಟಕ್ಕಿಂತ ಹಳೆಯ ತಾರೀಖಿನ ಸಮೇತ! ಯಾರೂ ಕೇಳದೆ, ಯಾರಿಗೂ ಹೇಳದೆ, ಮಾಲೂರು ತಾಲೂಕಿನ ಒಬ್ಬ ಶಿಲ್ಪಿಯ ಪುಟವನ್ನು ಇಷ್ಟು ವರ್ಷ ಜೋಪಾನ ಮಾಡಿದ ಆ ಪುಣ್ಯಾತ್ಮರಿಗೆ ಅಂಬ್ರೀನ್ ಮನಸ್ಸಿನಲ್ಲೇ ಸಲಾಂ ಹೊಡೆದಳು.

ಫೋಟೋದ ಕೆಳಗೆ ಆಚಾರಿ ಅಂದು ಬರೆಸಿದ್ದ ಸಾಲೊಂದಿತ್ತು: "ಮುಖ ನನ್ನದು. ಎಂಟೂ ಕೈಗಳನ್ನು ಕೆತ್ತಿದವನು ನಮ್ಮ ನಂದೀಶ."

ಈ ಸಾಲು ಓದಿದರೆ ಸಮಿತಿಯವರು ಕೆಲಸವನ್ನು ನಂದೀಶನಿಗೇ ಕೊಟ್ಟಾರು ಅನ್ನಿಸಿತು ಅಂಬ್ರೀನ್‌ಗೆ. "ಫೋಟೋ, ತಾರೀಖು ಅಷ್ಟೇ ಕಳಿಸ್ಲಾ?" ಎಂದು ಕೇಳಿಯೂ ಬಿಟ್ಟಳು.

ಆಚಾರಿ ಆ ಸಾಲನ್ನು ಎರಡು ಸಲ ಓದಿದರು. "ಪುಟದ ಜೊತೆ ಅವನ ಹೆಸರನ್ನೂ ನಾನೇ ಅಳಿಸಿಬಿಟ್ಟಿದ್ದೀನಿ ಕಣಮ್ಮ. ಅವನು ಕದ್ದಿಲ್ಲ."

ಆಮೇಲೆ ಶ್ರೀನಿವಾಸಪ್ಪನವರಿಗೆ ಫೋನ್ ಮಾಡಿದರು. "ಪುಟ ಪೂರ್ತಿ ಕಳಿಸ್ತಾ ಇದ್ದೀವಿ ಸ್ವಾಮಿ, ಓದಿ. ಅದೇ ಮೂರ್ತಿ ಬೇಕಂದ್ರೆ ನಂದೀಶನ್ನೂ ಕರೀರಿ. ಅವನಷ್ಟು ಚೆನ್ನಾಗಿ ಕೈ ಕೆತ್ತೋದು ನನಗೆ ಇವತ್ತಿಗೂ ಬರಲ್ಲ."