ಫೋನಿನಲ್ಲಿದ್ದ ಮೇಡಂ

"ಎತ್ಬೇಡಿ. ಬೆಂಗಳೂರ್ನೋರು ಬರ್ಲಿ," ಎಂದು ಅಡುಗೆಯ ಶಾಂತಮಲ್ಲಮ್ಮ ಹೆಣ ಹೊರುವ ವಿಮಾನದ ಬಿದಿರು ಹಿಡಿದು ನಿಂತುಬಿಟ್ಟಳು. ಹೆಗಲು ಕೊಡಲು ಬಾಗಿದ್ದ ನಾಲ್ವರು ಮುಖ ಮುಖ ನೋಡಿಕೊಂಡರು. ಗುಂಡ್ಲುಪೇಟೆಯ ಊಟಿ ರಸ್ತೆಯ ಲಾಡ್ಜಿನ ಅಂಗಳದಲ್ಲಿ, ತೀರಿಕೊಂಡ ಮರಿಮಲ್ಲಪ್ಪನನ್ನು ಅದರಲ್ಲಿ ಕೂರಿಸಿ, ವಿಭೂತಿ ಬಳಿದಾಗಿತ್ತು. ಹದಿಮೂರು ವರ್ಷ ಅಲ್ಲೇ ಗುಮಾಸ್ತನಾಗಿದ್ದವನು. ಹೆಂಡತಿ ಮಕ್ಕಳಿಲ್ಲ, ಅಣ್ಣತಮ್ಮಂದಿರೂ ಇಲ್ಲ.

ಲಾಡ್ಜಿನ ಯಜಮಾನ ಶಿವರುದ್ರಸ್ವಾಮಿ ಹತ್ತಿರ ಬಂದರು. "ಯಾವ ಬೆಂಗಳೂರ್ನೋರು ಶಾಂತಮ್ಮ? ಅವನ್ಗೆ ಯಾರವ್ರೆ?"

"ಅದೇ, ದಿನಾ ಫೋನಲ್ಲಿ ಮಾತಾಡ್ತಿದ್ರಲ್ಲ. ಆಯಮ್ಮ."

ಅಷ್ಟು ಹೇಳುವುದಕ್ಕೇ ಅವಳಿಗೆ ಏಳು ವರ್ಷ ಹಿಡಿದಿತ್ತು.

*

ಬಂಡೀಪುರದ ಆನೆ ನೋಡಲು ಬರುವ ಫಾರಿನ್ನಿನವರು ನೋಟಿನ ಬದಲು ಕಾರ್ಡು ಚಾಚತೊಡಗಿದ ಮೇಲೆ, ತೊಂಬತ್ತೊಂದರಲ್ಲಿ, ಲಾಡ್ಜಿಗೊಂದು ಯಂತ್ರ ಬಂತು. ಕಾರ್ಡಿಟ್ಟು, ಮೇಲೆ ಕಾರ್ಬನ್ನಿನ ಚೀಟಿ ಇಟ್ಟು, ಹಿಡಿಯನ್ನು ಕರಕರನೆ ಎಳೆದರೆ ಹೆಸರು, ನಂಬರು ಒತ್ತಿಕೊಳ್ಳುತ್ತಿತ್ತು. ಅದೆಲ್ಲ ಮರಿಮಲ್ಲಪ್ಪನ ಪಾಲಿಗೆ ಬಿತ್ತು. ಸೋಮವಾರ ಚಾಮರಾಜನಗರದ ಬಸ್ಸು ಹತ್ತಿ ಚೀಟಿಗಳನ್ನು ಬ್ಯಾಂಕಿಗೆ ಕೊಟ್ಟು ಬರುವವನೂ ಅವನೇ.

ಬೆಳಿಗ್ಗೆ ರೂಮು ಖಾಲಿ ಮಾಡುವವರು ಕಾರ್ಡು ಕೊಟ್ಟರೆ ಸಾಕು, ಅವನು ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಬೆಂಗಳೂರಿಗೆ ಫೋನು ಹಚ್ಚುತ್ತಿದ್ದ. ಒಂದು ಕೈಯಲ್ಲಿ ತಲೆ ನೇವರಿಸಿಕೊಳ್ಳುತ್ತಿದ್ದ, ನಗುತ್ತಿದ್ದ. "ಎಸ್ ಮೇಡಂ, ಥ್ಯಾಂಕ್ಯೂ ಮೇಡಂ." ಅಡುಗೆಮನೆಯ ಕಿಟಕಿಗೆ ಅಷ್ಟೇ ಕಾಣುತ್ತಿತ್ತು, ಅಷ್ಟೇ ಕೇಳುತ್ತಿತ್ತು. ಗಂಡ ಸತ್ತ ಮೇಲೆ ಬೇಗೂರಿನಿಂದ ಒಲೆ ಕೆಲಸಕ್ಕೆ ಬಂದ ಹೆಂಗಸು, ಯಾರನ್ನು ಕೇಳಿಯಾಳು? ಕಂಡದ್ದೇ ನಿಜ ಅಂದುಕೊಂಡಳು, ಪಾಪ.

ಒಂದು ಮಧ್ಯಾಹ್ನ ಅವನು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದ.

"ಶಾಂತಮ್ಮೋರೆ, ಇನ್ಮೇಲೆ ಇಲ್ಲೇ ನಿಮ್ ಜೊತೇಲಿ ಉಣ್ಲಾ? ಒಬ್ನೇ ಉಣ್ಣಕೆ ಸೇರಕಿಲ್ಲ."

ಅವಳಿಗೆ ಆಸೆಯೂ ಆಯಿತು, ಸಿಟ್ಟೂ ಬಂತು. "ನಿಮ್ಗೆ ಬೇಕಾದೋರು ಬೇರೆ ಅವ್ರಲ್ಲ, ಬುಡಿ," ಎಂದು ಸಾರಿನ ಪಾತ್ರೆಗೆ ತಿರುಗಿಕೊಂಡಳು. ಅವನು ತಟ್ಟೆ ಹಿಡಿದು ವಾಪಸು ಹೋದ. ಯಾರೆಂದು ಕೇಳಲಿಲ್ಲ. ಅವತ್ತಿನಿಂದ ಗಾಜಿನ ಕೋಣೆಯಲ್ಲೇ ಉಂಡ.

*

ಶಿವರುದ್ರಸ್ವಾಮಿ ಅವಳನ್ನು ಅದೇ ಕೋಣೆಗೆ ಕರೆದೊಯ್ದು, ಗೋಡೆಗೆ ಅಂಟಿಸಿದ್ದ ನಂಬರು ತಿರುಗಿಸಿ ರಿಸೀವರ್ ಕೈಗೆ ಕೊಟ್ಟರು. ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಏನೋ ಕೇಳಿತು.

"ಮರಿಮಲ್ಲಪ್ಪೋರು ಹೋಗ್ಬುಟ್ರು ಕಣವ್ವ."

"ಯಾರು? ಕಾರ್ಡ್ ನಂಬರ್ ಹೇಳಿ ಮೇಡಂ," ಎಂದಿತು ದನಿ.

"ಕಾರ್ಡು ನಡೀತದಾ ಇಲ್ವಾ ಅಂತ ಹೇಳೋ ಆಫೀಸು ಕಣಮ್ಮ ಅದು," ಎಂದರು ಯಜಮಾನರು, ಮೆಲ್ಲಗೆ. "ದಿನಕ್ಕೊಬ್ರು ಫೋನ್ ಎತ್ತಾರೆ."

ರಿಸೀವರ್ ಇಟ್ಟು ಅವಳು ಮೇಜಿಗೆ ಕೈಯೂರಿದಳು. ಅಂಗೈ ಕಾರ್ಬನ್ನಿನ ಹಾಳೆಯ ಮೇಲೆ ಬಿತ್ತು. ಅಯ್ಯೋ, ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ. ಹೊರಗೆ ಬಂದು, ಎತ್ತಿ ಎಂದಳು.

*

ರುದ್ರಭೂಮಿಯ ಗುಣಿಯಲ್ಲಿ ಕೂರಿಸಿ, ಕೈಗೆ ಲಿಂಗ ಕೊಟ್ಟು, ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು ಸುತ್ತ ನೋಡಿದರು.

"ಮೊದಲ್ನೇ ಹಿಡಿ ಮಣ್ಣಿಗೆ, ಇವರ್ಗೆ ಬೇಕಾದೋರು ಯಾರಿದೀರಿ?"

ಗಂಡಸರು ನೆಲ ನೋಡಿದರು. ಶಾಂತಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಕಾರ್ಬನ್ನಿನ ಮಸಿ ಹತ್ತಿದ ಕೈಯಲ್ಲೇ ಮಣ್ಣು ತೆಗೆದುಕೊಂಡು ಗುಣಿಯ ಮೇಲೆ ಚಾಚಿದಳು. ಮುಷ್ಟಿ ಬಿಚ್ಚುವುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು.